ಕುಂಟನಿಗೆ ಎಂಟು ಚೇಷ್ಟೆ

ಈ ಗಾದೆಯನ್ನು ಕಟ್ಟಿದವರು ಎರಡೂ ಕಾಲು ಗಟ್ಟಿಯಿದ್ದವರೇ ಇರಬೇಕು. ಕಾಲಿಲ್ಲದವನು ಮೂಲೆಯಲ್ಲಿ ಕೂತು ಕೊಟ್ಟದ್ದನ್ನು ತಿಂದುಕೊಂಡಿದ್ದರೆ ಎಲ್ಲರಿಗೂ ಅವನ ಮೇಲೆ ಕನಿಕರ. ಎದ್ದು, ನನ್ನ ಕೆಲಸ ನನಗೆ ಕೊಡಿ ಎಂದನೋ, ಅದು ಚೇಷ್ಟೆ. ಮುಂಬಯಿ ಲೋಕಲಿನ ಅಂಗವಿಕಲರ ಡಬ್ಬಿಗೆ ನುಗ್ಗಿ ಸೀಟು ಹಿಡಿಯುವವರ ಮನಸ್ಸಿನಲ್ಲೂ ಇದೇ ಗಾದೆ ಇದೆ: ಇವರೆಲ್ಲ ಈ ಗದ್ದಲದಲ್ಲಿ ಯಾಕೆ ಹೊರಡಬೇಕು?

ಅದೇ ಮುಂಬಯಿಯಲ್ಲಿ 1937ರಲ್ಲಿ ಹುಟ್ಟಿ, ಸೇಂಟ್ ಝೇವಿಯರ್ಸ್‌ನಲ್ಲಿ ಓದಿದವರು ಇಯಾನ್ ಕಾರ್ಡೋಜೋ. ಸೇರಿದ್ದು ಐದನೇ ಗೂರ್ಖಾ ರೈಫಲ್ಸ್. ಅವರ ಹೆಸರು ಜವಾನರ ನಾಲಿಗೆಗೆ ಹೊರಳದೆ 'ಕಾರ್ತೂಸ್ ಸಾಹೇಬ್' ಆದರು. 1971ರ ಯುದ್ಧದಲ್ಲಿ ಅವರ ಬೆಟಾಲಿಯನ್ ಹೆಲಿಕಾಪ್ಟರಿನಲ್ಲಿ ಸಿಲ್ಹೆಟ್ ಬಳಿ ಇಳಿಯಿತು. ಢಾಕಾ ಶರಣಾದ ಮೇಲೆ, ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ, ಅವರು ನೆಲಬಾಂಬ್ ತುಳಿದರು.

ನೋವಿಗೆ ಮಾರ್ಫಿನ್ ಇರಲಿಲ್ಲ. ಕೊಯ್ಯಲು ಡಾಕ್ಟರ ಬಳಿ ಸಲಕರಣೆಯೂ ಇಲ್ಲ. ನಜ್ಜುಗುಜ್ಜಾದ ಕಾಲನ್ನು ಕಡಿದುಬಿಡು ಎಂದರೆ ಜೊತೆಗಿದ್ದ ಗೂರ್ಖಾನ ಕೈ ಏಳಲಿಲ್ಲ. ಖುಕ್ರಿ ಇಸಿದುಕೊಂಡು ತಾವೇ ಕಡಿದುಕೊಂಡರು, ಹೂಳಿಬಿಡು ಎಂದರು. ಆಮೇಲೆ ಆಪರೇಷನ್ ಮಾಡಿ ಅವರನ್ನು ಉಳಿಸಿದ್ದು ಸೆರೆಸಿಕ್ಕಿದ್ದ ಪಾಕಿಸ್ತಾನಿ ಸರ್ಜನ್, ಮೇಜರ್ ಮೊಹಮ್ಮದ್ ಬಷೀರ್. ಆ ಉಪಕಾರವನ್ನು ಕಾರ್ಡೋಜೋ ಬಾಯಿತುಂಬ ನೆನೆದಿದ್ದಾರೆ.

ಹೇಳುವವರೆಲ್ಲ ಖುಕ್ರಿಗೇ ಕಥೆ ನಿಲ್ಲಿಸುತ್ತಾರೆ. ಅದು ಅನ್ಯಾಯ. ಅದಕ್ಕಿಂತ ಕಷ್ಟದ್ದು ಮುಂದಿತ್ತು, ಅದಕ್ಕೆ ವರ್ಷಗಳೇ ಹಿಡಿದವು. ಕೃತಕ ಕಾಲಿನವನಿಗೆ ಮೇಜಿನ ಕೆಲಸ ಸಾಕು ಎಂಬುದು ಆಗಿನ ತಿಳಿವಳಿಕೆ. ಕಾರ್ಡೋಜೋ ಒಪ್ಪಲಿಲ್ಲ. ವೈದ್ಯರು ಬೇಡವೆಂದರೂ ದೈಹಿಕ ಪರೀಕ್ಷೆಗೆ ಇಳಿದು, ಎರಡು ಕಾಲಿದ್ದ ಅಧಿಕಾರಿಗಳನ್ನೇ ಹಿಂದೆ ಹಾಕಿ ಓಡಿದರು. ಕಡೆಗೆ ಸೇನಾ ಮುಖ್ಯಸ್ಥ ಜನರಲ್ ಟಿ.ಎನ್. ರೈನಾ ಲಡಾಖ್‌ಗೆ ಕರೆದೊಯ್ದು, ಗುಡ್ಡದಲ್ಲಿ ಹಿಮದ ಮೇಲೆ ಅವರು ನಡೆಯುವುದನ್ನು ಕಣ್ಣಾರೆ ನೋಡಿದರು. ರೈನಾ ಅವರೂ ಎರಡನೇ ಮಹಾಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡವರು. ಈ ಹಟ ಅವರಿಗೆ ಅರ್ಥವಾಗದೆ ಇದ್ದೀತೇ?

ಯುದ್ಧದಲ್ಲಿ ಅಂಗ ಕಳೆದುಕೊಂಡೂ ಬೆಟಾಲಿಯನ್ನಿನ, ಆಮೇಲೆ ಬ್ರಿಗೇಡಿನ ದಂಡನಾಯಕರಾದ ಮೊದಲ ಭಾರತೀಯ ಅಧಿಕಾರಿ ಕಾರ್ಡೋಜೋ. ಮೇಜರ್ ಜನರಲ್ ಆಗಿ ನಿವೃತ್ತರಾದರು. ಇಂಥವರು ಅವರೊಬ್ಬರೇ ಅಲ್ಲ: ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ವಿಜಯ್ ಒಬೆರಾಯ್ 1965ರ ಯುದ್ಧದಲ್ಲಿ ಕಾಲು ಕಳೆದುಕೊಂಡು, ಸೇನೆಯ ಉಪಮುಖ್ಯಸ್ಥರ ಹುದ್ದೆಯವರೆಗೆ ಏರಿದರು.

ನಿವೃತ್ತಿಯ ನಂತರವೂ ಕಾರ್ಡೋಜೋ ಮೂಲೆ ಹಿಡಿಯಲಿಲ್ಲ. 2005ರಿಂದ 2011ರವರೆಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಕಿವುಡ ಮಕ್ಕಳಿಗೆ ಕಲಿಸುವ ಶಿಕ್ಷಕರು, ಕೃತಕ ಕಾಲು ಜೋಡಿಸುವ ತಂತ್ರಜ್ಞರು ಏನೇನು ಕಲಿತಿರಬೇಕೆಂದು ಗೊತ್ತುಮಾಡಿ, ಕಲಿತವರ ಹೆಸರನ್ನು ನೋಂದಾಯಿಸುವುದು ಆ ಪರಿಷತ್ತಿನ ಕೆಲಸ.