ಊರಿಗೆ ಹೋಗಲಾರದವರ ಜೊತೆ ಒಂದು ಕಾಫಿ

ನಮ್ಮ ಕನ್ನಡ ಕೂಟದ ಈ ಸಲದ ಯುಗಾದಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ತೋರಣ, ಬೇವು-ಬೆಲ್ಲ, ಒಬ್ಬಟ್ಟಿನ ಊಟ, ಮಕ್ಕಳ ನೃತ್ಯ ಎಲ್ಲವೂ ಆಯಿತು. ನಾಲ್ಕು ಗಂಟೆಗೆ ಹಾಲ್ ಖಾಲಿ ಮಾಡಿ, ಉಳಿದ ಪುಳಿಯೋಗರೆಯನ್ನು ಡಬ್ಬಿಗೆ ತುಂಬಿಕೊಂಡು ಎಲ್ಲರೂ ಕಾರು ಹತ್ತಿದೆವು. ಹಬ್ಬ ಮುಗಿದಿತ್ತು, ಹಬ್ಬವಾಯಿತು ಅನ್ನಿಸಲಿಲ್ಲ.

ಹಬ್ಬದ ಗೆಲುವು ಕಂಡದ್ದು ಜೂನ್ ತಿಂಗಳ ರೆಫ್ಯೂಜಿ ವೀಕ್‌ನಲ್ಲಿ, ಅಂದರೆ ನಿರಾಶ್ರಿತರ ಸಪ್ತಾಹದಲ್ಲಿ, ಒಂದು ಚರ್ಚ್ ಹಾಲ್‌ನಲ್ಲಿ. ಆಶ್ರಯ ಕೋರಿ ಬಂದವರನ್ನು ಊರಿಗೆ ಊರೇ ಬರಮಾಡಿಕೊಳ್ಳಬೇಕೆಂಬ 'ಸಿಟಿ ಆಫ್ ಸ್ಯಾಂಕ್ಚುರಿ' ಚಳವಳಿ 2005ರಲ್ಲಿ ಹುಟ್ಟಿದ್ದು ಇಂಗ್ಲೆಂಡಿನ ನಮ್ಮ ಶೆಫೀಲ್ಡ್‌ನಲ್ಲೇ. 2007ರಲ್ಲಿ ಆ ಹೆಸರು ಪಡೆದ ಮೊದಲ ನಗರವೂ ಇದೇ. ಶನಿವಾರಗಳಲ್ಲಿ ಆ ಚರ್ಚ್ ಹಾಲ್‌ಗೆ ಹೋಗಿ, ಹಾಗೆ ಆಶ್ರಯ ಕೋರಿ ಬಂದವರಿಗೆ ಫಾರಂ ತುಂಬಿಕೊಡುವುದು, ಇಂಗ್ಲಿಷ್ ಮಾತಾಡಿಸುವುದು ನನಗೆ ರೂಢಿ. ಅಂದು ಎಂಟು ವರ್ಷದ ಮಗಳೂ ಜೊತೆಗಿದ್ದಳು.

ಎರಿಟ್ರಿಯಾದ ಒಬ್ಬ ಹೆಂಗಸು ಹಸಿ ಕಾಫಿ ಬೀಜವನ್ನು ನಮ್ಮೆದುರೇ ಹುರಿದು, ಘಮವನ್ನು ಒಬ್ಬೊಬ್ಬರ ಮುಂದೂ ಹಿಡಿದು, ಆಮೇಲೆ ಪುಡಿ ಮಾಡಿ ಕುದಿಸಿದರು. ಅವರಲ್ಲಿ ಕಾಫಿಯೆಂದರೆ ಮೂರು ಸುತ್ತು. ಮೂರೂ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಮೂಡಿಗೆರೆಯಲ್ಲಿ ಬೆಳೆದ ನನಗೆ ಆ ಘಮ ಹೊಸದಲ್ಲ, ಆ ನಿಧಾನ ಮಾತ್ರ ಮರೆತೇ ಹೋಗಿತ್ತು. ಎರಡನೆಯ ಸುತ್ತಿಗೆ ಯಾರೋ ಫೋನಿನಲ್ಲಿ ಹಾಡು ಹಾಕಿದರು. ಹೆಂಗಸರೆಲ್ಲ ಭುಜ ಕುಣಿಸುತ್ತ ಸುತ್ತು ಕಟ್ಟಿದರು. ಮಗಳೂ ಸೇರಿಕೊಂಡಳು.

ಏದುಸಿರು ಬಿಡುತ್ತ ಬಂದು ಕೇಳಿದಳು: "ಅಮ್ಮಾ, ಸಮ್ಮರ್ ರಜಕ್ಕೆ ಈ ಆಂಟೀನೂ ನಮ್ಮ ಥರ ಊರಿಗೆ ಹೋಗ್ತಾರಾ?"

ಇಷ್ಟನ್ನು ತಡವರಿಸದೆ ಕನ್ನಡದಲ್ಲೇ ಕೇಳಿದಳಲ್ಲ ಎಂದು ಮೊದಲು ಹೆಮ್ಮೆಯಾಯಿತು. ಉತ್ತರ ಹೊಳೆಯಲಿಲ್ಲ. ಏನು ಕೇಳುತ್ತಿದ್ದಾಳೆ ಎಂದು ಆಕೆ ವಿಚಾರಿಸಿದಾಗ ಇದ್ದದ್ದನ್ನೇ ಹೇಳಿದೆ. ಆಕೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ನೀನು ಹೋಗಿ ಬಾ. ಅಜ್ಜಿ ಏನೇನು ಅಡುಗೆ ಮಾಡಿದರು ಅಂತ ಬಂದು ನನಗೆ ಹೇಳು" ಎಂದರು.

ನಾವು ವೀಸಾ ಹಿಡಿದು ಬಂದವರು. ಟಿಕೆಟ್ ಅಗ್ಗವಾದರೆ ಊರಿಗೆ ಹೋಗುತ್ತೇವೆ. ಅವರು ಜೀವ ಉಳಿಸಿಕೊಂಡು ಬಂದವರು. ಸರ್ಕಾರದ ವಸತಿ ಪಡೆದವರು ಆಶ್ರಯದ ಅರ್ಜಿ ತೀರ್ಮಾನವಾಗುವವರೆಗೆ ಅದು ಹಾಕಿದ ಊರಿನಲ್ಲೇ ಇರಬೇಕು. 2024ರಲ್ಲಿ ಅಡುಗೆ ತಾವೇ ಮಾಡಿಕೊಳ್ಳುವವರಿಗೆ ತಲೆಗೆ ವಾರಕ್ಕೆ ಸಿಗುತ್ತಿದ್ದದ್ದು 49.18 ಪೌಂಡ್. ದುಡಿಯೋಣವೆಂದರೆ, 12 ತಿಂಗಳು ಕಾದ ಮೇಲಷ್ಟೇ ಅನುಮತಿ ಕೇಳಬಹುದು, ಅದೂ ಸರ್ಕಾರದ ಪಟ್ಟಿಯಲ್ಲಿರುವ ಕೆಲಸಗಳಿಗೆ ಮಾತ್ರ. ಇಷ್ಟರ ನಡುವೆಯೂ ಕಾಫಿಗೆ ಕರೆದವರು ಅವರು, ಅತಿಥಿಗಳಾದವರು ನಾವು.

ಆಶ್ರಯ ಕೊಡುವುದು ಕನ್ನಡ ನಾಡಿಗೆ ಹೊಸದಲ್ಲ. ಟಿಬೆಟ್ ಬಿಟ್ಟು ಬಂದವರಿಗೆ 1960ರ ದಶಕದಲ್ಲೇ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ನೆಲ ಸಿಕ್ಕಿತು. ಕಾಡು ಸವರಿ ಮುಸುಕಿನ ಜೋಳ ಬೆಳೆದ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಇಂದು ಕನ್ನಡ ಮಾತಾಡುವವರಿದ್ದಾರೆ. ಅಂಥ ನಾಡಿನವರು ನಾವು ಇಲ್ಲಿ ನಮ್ಮನಮ್ಮಲ್ಲೇ ಎಷ್ಟು ದಿನ ಉಂಡೇಳುವುದು?

ನಮ್ಮ ಕೂಟಕ್ಕೆ ಆ ಹಾಲ್‌ನವರನ್ನೂ ಕರೆಯೋಣವೆಂದಾಗ ಹಿರಿಯರೊಬ್ಬರು ಹೇಳಿದರು: "ನಮ್ಮ ಮಕ್ಕಳ ಬಾಯಲ್ಲೇ ಕನ್ನಡ ನಿಲ್ಲುತ್ತಿಲ್ಲ. ಎಲ್ಲರನ್ನೂ ಕರೆದರೆ ಪೂರಾ ಇಂಗ್ಲಿಷ್ ಆಗಿಬಿಡುತ್ತದಮ್ಮ." ಆ ಆತಂಕ ನನಗೂ ಇದೆ. ಇನ್ನೊಂದು ಭಯವೂ ಇದೆ. ಮಗಳು ಹಚ್ಚಿಕೊಂಡ ಆಂಟಿಯನ್ನು ನಾಳೆ ಬೇರೆ ಊರಿಗೆ ಕಳಿಸಬಹುದು, ಅರ್ಜಿ ತಿರಸ್ಕಾರವಾಗಬಹುದು. ಆಗ ಏನು ಹೇಳಲಿ? ಎರಡಕ್ಕೂ ನನ್ನಲ್ಲಿ ಉತ್ತರವಿಲ್ಲ.

ಆದರೂ ಒಂದು ಮಾತು ಕೇಳಿಕೊಳ್ಳುತ್ತೇನೆ. ಇಂಥ ಹಾಲ್ ನಿಮ್ಮ ಊರಿನ ಹತ್ತಿರವೂ ಇದ್ದೀತು. ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಕೈಯಲ್ಲಿ ಡಬ್ಬಿ ಇಲ್ಲದಿದ್ದರೂ ಪರವಾಗಿಲ್ಲ, ಎರಡು ಗಂಟೆ ಬಿಡುವು ಮಾಡಿಕೊಂಡು ಹೋಗಿ.