ಪರವಾಗಿ ಆಡಿದ ಮಾತು

ನಮ್ಮ ಮನೆಗಳಲ್ಲಿ ಅಜ್ಜನ ಕಾಲದ ಕಾಗದಪತ್ರಗಳು ಹೇಗೋ ಉಳಿದುಕೊಂಡಿರುತ್ತವೆ. ಜಮೀನಿನ ಪತ್ರ, ತೀರ್ವೆಯ ರಸೀದಿ, ಅಂಗಡಿಯ ಲೆಕ್ಕದ ಪುಸ್ತಕ. ಅಜ್ಜಿಯದೆಂದು ಹೇಳಲು ಏನಿದೆ? ಆಕೆಗೆ ಬರೆಯಲು ಬರುತ್ತಿದ್ದರೂ ಬರೆದದ್ದು ಎಂದೋ ರದ್ದಿಗೆ ಹೋಗಿರುತ್ತದೆ. ಬೇಕೆಂದೇ ಯಾರೂ ಎಸೆದಿಲ್ಲ. ಇಟ್ಟುಕೊಳ್ಳಬೇಕೆಂದು ಯಾರಿಗೂ ಅನಿಸಲಿಲ್ಲ, ಅಷ್ಟೇ.

ಹಾಗೆ ಅನಿಸಿದ ಕೆಲವರು 1926ರಲ್ಲಿ ಲಂಡನ್ನಿನಲ್ಲಿ ಒಂದು ಗ್ರಂಥಾಲಯ ತೆರೆದರು. ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದ ಸಂಘವೊಂದರ ಗ್ರಂಥಾಲಯವದು. ವೆರಾ ಡೂಯಿ ಎಂಬಾಕೆ 1967ರವರೆಗೆ ಅದನ್ನು ನೋಡಿಕೊಂಡರು. ಬಹುಕಾಲ ಫಾಸೆಟ್ ಗ್ರಂಥಾಲಯವೆಂದು ಹೆಸರಾಗಿ, ಕಾಲೇಜೊಂದರ ನೆಲಮಾಳಿಗೆಯಲ್ಲೂ ದಿನ ಕಳೆದು, 2013ರಿಂದ ಅದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿದೆ. 1913ರಲ್ಲಿ ಡರ್ಬಿ ಪಂದ್ಯದಲ್ಲಿ ಅರಸನ ಕುದುರೆಗೆ ಅಡ್ಡ ಬಂದು ಪ್ರಾಣ ಬಿಟ್ಟ ಎಮಿಲಿ ಡೇವಿಸನ್ ಬಳಿಯಿದ್ದ, ಊರಿಗೆ ಮರಳುವ ರೈಲಿನ ಟಿಕೇಟು ಅಲ್ಲಿದೆ. ಅಂಥ ಹೆಂಗಸರನ್ನು ಗೇಲಿ ಮಾಡಿ ಅಚ್ಚು ಹಾಕಿಸಿದ ಪೋಸ್ಟ್‌ಕಾರ್ಡುಗಳೂ ಇವೆ. ವಿರೋಧಿಗಳ ಮಾತನ್ನೂ ಜೋಪಾನ ಮಾಡಿದ್ದು ನಮಗೆ ದೊಡ್ಡ ಗುಣವಾಗಿ ಕಾಣುತ್ತದೆ.

ನಮ್ಮನ್ನು ಹಿಡಿದು ನಿಲ್ಲಿಸುವುದು ಮಾತ್ರ ಬೇರೆಯೇ ಕಾಗದಗಳು. ಎಲಿನರ್ ರ‍್ಯಾತ್‌ಬೋನ್ ಅವರ ಭಾರತ ಕುರಿತ ಪತ್ರವ್ಯವಹಾರವೂ ಈ ಸಂಗ್ರಹದಲ್ಲಿದೆ. ಆಕೆ 1929ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಬಂದವರು. ಅದಕ್ಕೆ ಮುಂಚೆ ಕ್ಯಾಥರೀನ್ ಮೇಯೊ ಬರೆದ 'ಮದರ್ ಇಂಡಿಯಾ' ಓದಿ ಇಲ್ಲಿನ ಬಾಲ್ಯವಿವಾಹದ ಬಗ್ಗೆ ತೀವ್ರವಾಗಿ ನೊಂದುಕೊಂಡಿದ್ದರು. ಮೇಯೊ ಪುಸ್ತಕ ಭಾರತವನ್ನು ಹೀಗಳೆಯಲೆಂದೇ ಬರೆದದ್ದೆಂದು ಇಲ್ಲಿ ದೊಡ್ಡ ಗದ್ದಲವೆದ್ದಿತ್ತು. 1929ರ ಅಕ್ಟೋಬರಿನಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಭಾರತೀಯ ಹೆಣ್ಣುಮಕ್ಕಳ ಸ್ಥಿತಿಗತಿಯ ಬಗ್ಗೆ ರ‍್ಯಾತ್‌ಬೋನ್ ಸಭೆ ಕರೆದರು. ಸಭಿಕರ ನಡುವಿನಿಂದ ಎದ್ದು ನಿಂತ ಒಬ್ಬ ಭಾರತೀಯ ಮಹಿಳೆ, ನಮ್ಮ ಸಮಾಜದ ಕೆಡುಕುಗಳ ಬಗ್ಗೆ ಸಭೆ ನಡೆಸಲು ನಿಮಗೇನು ಹಕ್ಕು ಎಂದು ಕೇಳಿದರು. ಅವರು ಧನ್ವಂತಿ ರಾಮರಾವ್. ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ.

ಈ ಜಗಳದಲ್ಲಿ ಸರಿ ಯಾರು? ಧನ್ವಂತಿಯವರ ಸಿಟ್ಟು ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಮುಸ್ಲಿಮ್ ಹೆಣ್ಣಿನ ಬಗ್ಗೆ ಆಕೆಯನ್ನೊಂದು ಮಾತೂ ಕೇಳದೆ ನಡೆಯುವ ಚರ್ಚೆಗಳನ್ನು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಕನಿಕರದಿಂದ ಆಡಿದ ಮಾತೂ ಮೇಲೆ ನಿಂತವನ ಮಾತೇ ಆಗಬಲ್ಲದು. ಅಲ್ಲದೆ ಭಾರತದ ಹೆಂಗಸರು ಕೈಕಟ್ಟಿ ಕುಳಿತಿರಲಿಲ್ಲ. 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನ ಬಾಲ್ಯವಿವಾಹ ತಡೆಗೆ ಒತ್ತಾಯಿಸುತ್ತಿತ್ತು. ಹೆಣ್ಣಿಗೆ 14, ಗಂಡಿಗೆ 18 ಎಂದು ವಯಸ್ಸು ಗೊತ್ತುಪಡಿಸಿದ ಶಾರದಾ ಕಾಯ್ದೆ ಅದೇ 1929ರಲ್ಲಿ ಬಂತು.

ಆದರೆ ಅಷ್ಟಕ್ಕೇ ಬಿಟ್ಟರೆ ನಾವು ನಮಗೇ ಮೋಸ ಮಾಡಿಕೊಂಡಂತೆ. ಹೊರಗಿನವರು ಹೇಳಿದರೆಂಬ ಕಾರಣಕ್ಕೆ ಕೆಡುಕು ಸುಳ್ಳಾಗುವುದಿಲ್ಲ. 'ನಮ್ಮ ಮನೆಯ ವಿಷಯ' ಎಂಬ ಮಾತಿನ ಹಿಂದೆ ಮನೆಯೊಳಗಿನ ಬಲಶಾಲಿ ಎಷ್ಟು ಸಲ ಅಡಗಿ ಕುಳಿತಿಲ್ಲ!

ಒಳಗಿನವರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಿದ್ದರೆಂಬುದೂ ನಿಜವಲ್ಲ. 1930ರ ಮೊದಲ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಇಬ್ಬರು ಮಹಿಳೆಯರು ಹೋದರು. ಲಾಹೋರಿನ ಬೇಗಂ ಶಾ ನವಾಜ್ ಒಬ್ಬರು. ಇನ್ನೊಬ್ಬರು ರಾಧಾಬಾಯಿ ಸುಬ್ಬರಾಯನ್, ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು. ಶಾಸನಸಭೆಗಳಲ್ಲಿ ಹೆಂಗಸರಿಗೆ ಕೆಲವು ಸ್ಥಾನ ಮೀಸಲಿಡಬೇಕೆಂದು ಇಬ್ಬರೂ ಕೇಳಿದರು. ಮಹಿಳಾ ಸಂಘಟನೆಗಳು ಅದನ್ನು ಒಪ್ಪಲಿಲ್ಲ, ಎಲ್ಲ ವಯಸ್ಕರಿಗೂ ಮತ ಕೊಡಿ, ರಿಯಾಯಿತಿ ಬೇಡ ಎಂದವು. ರಾಧಾಬಾಯಿಯವರಿಗೆ ಬೆಂಬಲವಾಗಿ ನಿಂತವರು ಅದೇ ರ‍್ಯಾತ್‌ಬೋನ್. ಇಬ್ಬರ ನಡುವೆ ಪತ್ರಗಳು ಓಡಾಡಿದವು. ಹೊರಗಿನವಳ ಜೊತೆ ಸೇರಿದ್ದಕ್ಕೆ ರಾಧಾಬಾಯಿ ಪರಕೀಯರಾದರೇ? ನಾವು ಹಾಗೆ ಹೇಳಲಾರೆವು. ಮೀಸಲಾತಿ ಬೇಕೆಂಬ ಆ ವಾದವೇ 2023ರಲ್ಲಿ ಸಂವಿಧಾನದ 106ನೇ ತಿದ್ದುಪಡಿಯಾಗಿ ಅಂಗೀಕಾರಗೊಂಡಿತು.

ಇಷ್ಟಾದರೂ ಒಬ್ಬಳು ಉಳಿದೇಹೋದಳು. ಯಾರ ಮದುವೆಯ ಬಗ್ಗೆ ಈ ಎಲ್ಲ ಸಭೆ, ಪತ್ರ, ಕಾಯ್ದೆಗಳೋ ಆ ಹುಡುಗಿ. 1931ರ ಜನಗಣತಿಯಲ್ಲಿ ಭಾರತದ ಹೆಂಗಸರ ಪೈಕಿ ಓದುಬರಹ ಬಲ್ಲವರು ನೂರಕ್ಕೆ ಮೂವರೂ ಇರಲಿಲ್ಲ. ಎಳವೆಯಲ್ಲಿ ಮದುವೆಯಾದ ರಖ್ಮಾಬಾಯಿ 1885ರಲ್ಲಿ, 'ಹಿಂದೂ ಮಹಿಳೆ' ಎಂಬ ಮರೆಹೆಸರಿನಲ್ಲಿ, ಮುಂಬಯಿಯ ಪತ್ರಿಕೆಗೆ ತನ್ನ ಸಂಕಟ ಬರೆದದ್ದು ಅಪರೂಪದಲ್ಲಿ ಅಪರೂಪ. ಉಳಿದವರ ಬಗ್ಗೆ ರ‍್ಯಾತ್‌ಬೋನ್ ಬರೆದರು, ಧನ್ವಂತಿ ಮಾತಾಡಿದರು, ರಾಧಾಬಾಯಿ ವಾದಿಸಿದರು. ಮೂವರೂ ಇಂಗ್ಲಿಷ್ ಬಲ್ಲವರು. ಲಂಡನ್ನಿನ ಕಪಾಟು ಎಷ್ಟೇ ದೊಡ್ಡದಿದ್ದರೂ ಯಾರೂ ಬರೆದುಕೊಳ್ಳದ ಮಾತನ್ನು ಅದು ಎಲ್ಲಿಂದ ತಂದೀತು?

ನಮ್ಮ ಊರುಗಳಲ್ಲಿ ಎಂಬತ್ತು ದಾಟಿದ ಅಜ್ಜಿಯರು ಇನ್ನೂ ಇದ್ದಾರೆ. ಎಷ್ಟನೇ ವಯಸ್ಸಿಗೆ ಮದುವೆಯಾಯಿತು, ಆ ದಿನ ಏನನ್ನಿಸಿತು ಎಂದು ಕೇಳಿದರೆ ಮೊದಲು ನಕ್ಕು ಮಾತು ತೇಲಿಸುತ್ತಾರೆ. ಎರಡನೇ ಸಲ ಕೇಳಬೇಕು.