ಮೀನು ಹಿಡಿಯದ ಸಾಮಾನು

ತುಳುವರ ಆಟಿ ತಿಂಗಳು ಬಂತೆಂದರೆ ಮಂಗಳೂರಿನ ಜವಳಿ ಅಂಗಡಿಗಳು ರಿಯಾಯಿತಿಯ ಬೋರ್ಡು ತೂಗುಹಾಕುತ್ತವೆ. ಬಂದರಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಆಟಿಯಲ್ಲೇ ಕ್ರಯ ಏರುವುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ರಜೆ ಮುಗಿಯುತ್ತ ಬಂದಾಗ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ: ಹಗ್ಗ ಬೇಕು, ಬಲೆ ಬೇಕು, ಬಣ್ಣ ಬೇಕು, ವಿಂಚಿನ ವೈರ್ ರೋಪ್ ಬೇಕು. ಅಂಗಡಿಯವನಿಗೆ ಆಗ ಚೌಕಾಸಿಗೆ ಪುರುಸೊತ್ತೂ ಇಲ್ಲ, ಅಗತ್ಯವೂ ಇಲ್ಲ. ಜಾಣ ಮಾಲಕರು ಜೂನ್ ಮೊದಲ ವಾರವೇ ಬಂದು, ಮಳೆಯಲ್ಲಿ ಕೊಡೆ ಮಡಚಿ ಅಂಗಡಿಯ ಸ್ಟೂಲಿನ ಮೇಲೆ ಕೂತು ನಿಧಾನಕ್ಕೆ ಮಾತಿಗೆ ತೊಡಗುತ್ತಾರೆ.

ಬೇರೆಡೆ ಬೋಟಿನ ಸಾಮಾನಿಗೆ ಮೇಳವೇ ನಡೆಯುತ್ತದೆ. ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿ 1969ರಲ್ಲಿ ಶುರುವಾದ ಬೋಟ್ ಮೇಳವೊಂದಿದೆ, ನಡೆಯುವುದು ಜನವರಿಯಲ್ಲಿ. ಕೊಚ್ಚಿಯಲ್ಲೂ ಇಂಥ ಪ್ರದರ್ಶನಗಳು ನಡೆದಿವೆ. ತಂದ ಸಾಮಾನು ವಾಪಸ್ ಹೊತ್ತೊಯ್ಯುವ ಕಷ್ಟಕ್ಕೆ ಮಳಿಗೆಯವರು ಕೊನೆಯ ದಿನ ಕ್ರಯ ಇಳಿಸುತ್ತಾರೆಂದು ಹವ್ಯಾಸಿಗಳು ಕಾದು ಕೂರುವುದುಂಟು. ನಮ್ಮವರಿಗೆ ಟಿಕೆಟ್ ಕೊಟ್ಟು ನೋಡುವ ಮೇಳ ಯಾಕೆ? ದಕ್ಕೆಯ ಆಸುಪಾಸಿನ ಓಣಿಗಳಲ್ಲಿ ಹೊಸತು, ಹಳತು, ಗುಜರಿ ಎಲ್ಲವೂ ಸಿಗುತ್ತದೆ. ಫಲ್ಗುಣಿಯಲ್ಲಿ ಒಂದಕ್ಕೊಂದು ತಾಗಿ ಟರ್ಪಾಲು ಹೊದ್ದು ನಿಂತ ಬೋಟುಗಳೇ ಪ್ರದರ್ಶನ. ಆಚೆ ಬೆಂಗ್ರೆ, ಈಚೆ ಹೊಯಿಗೆಬಜಾರ್, ನಡುವೆ ಫೆರಿ.

ಹಳೆಯ ಸಾಮಾನು ಕೊಳ್ಳುವವರ ಕೈ ನೋಡಬೇಕು. ಹಗ್ಗದ ಸುರುಳಿಯ ಹೊರಮೈಯನ್ನು ಅವರು ನೋಡುವುದೇ ಇಲ್ಲ. ಎಳೆಗಳನ್ನು ಹಿಮ್ಮುಖವಾಗಿ ತಿರುಚಿ ಬಿಡಿಸಿ ಒಳಗೆ ಬೆರಳಿಡುತ್ತಾರೆ. ಬೆರಳಿಗೆ ಬಿಳಿ ಹುಡಿ ಅಂಟಿದರೆ ಅದು ಒಳಗೊಳಗೇ ಸವೆದ ಹಗ್ಗ, ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ವೈರ್ ರೋಪಿನ ಮೇಲೆ ಹಳೆಯ ಬಟ್ಟೆಯ ಚೂರು ಹಿಡಿದು ಎಳೆಯುತ್ತಾರೆ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಂತಿ ಕಡಿದಿದೆ. ಹಿತ್ತಾಳೆಯ ಪ್ರೊಪೆಲ್ಲರನ್ನು ಉಪ್ಪುಕಾಗದದಿಂದ ಒಂದು ಕಡೆ ಉಜ್ಜಿ ಬಣ್ಣ ನೋಡುತ್ತಾರೆ. ಹಳದಿಯಾಗಿ ಹೊಳೆದರೆ ಸರಿ. ನಸುಗೆಂಪು ಕಂಡರೆ ಉಪ್ಪುನೀರು ಅದರೊಳಗಿನ ಸತುವನ್ನು ಎಳೆದುಕೊಂಡು ಬರಿಯ ತಾಮ್ರ ಉಳಿಸಿದೆ ಎಂದರ್ಥ. ಅಂಥದ್ದರ ರೆಕ್ಕೆ ನಡುಗಡಲಿನಲ್ಲಿ ಮುರಿದರೆ, ಉಳಿಸಿದ ದುಡ್ಡು ಇನ್ನೊಂದು ಬೋಟಿನಿಂದ ಎಳೆಸಿಕೊಂಡು ಬರುವುದಕ್ಕೇ ಸಾಲದು. ಎಂಜಿನ್ನಿನ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರು ಹೊಕ್ಕಿದೆ. ಇದನ್ನೆಲ್ಲ ಯಾವ ಕಾಲೇಜಿನಲ್ಲೂ ಓದದೆ ಕಲಿತವರು ಇವರು. ಮೀನುಗಾರಿಕೆ ಕಾಲೇಜು 1969ರಿಂದ ಇದೇ ಊರಿನಲ್ಲಿದೆ, ಅದು ಬೇರೆ ಮಾತು.

ಅಗ್ಗಕ್ಕೆ ಸಿಗುವುದೆಲ್ಲ ಲಾಭವಲ್ಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಪ್ರಖರ ಎಲ್‌ಇಡಿ ದೀಪಗಳು, ಅವುಗಳನ್ನು ಉರಿಸುವ ಜನರೇಟರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಕ್ರಯಕ್ಕೆ ಬಂದರೆ ಯಾಕೆ ಬಂದವೆಂದು ಕೇಳಿಕೊಳ್ಳಬೇಕು. ರಾತ್ರಿ ಬೆಳಕು ಹಾಯಿಸಿ ಮೀನು ಸೆಳೆಯುವುದನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ಮರಿಮೀನನ್ನೂ ಬಿಡದ ಸಣ್ಣ ಕಣ್ಣಿನ ಬಲೆಯ ಕತೆಯೂ ಇದೇ. ಇಂದು ಉಳಿಸಿದ ದುಡ್ಡು ನಾಳೆ ದಂಡಕ್ಕೆ, ನಾಡಿದ್ದು ಬರಿಗಡಲಿಗೆ.

ಇಷ್ಟೆಲ್ಲ ಹುಷಾರಿರುವ ಕೈಗಳು ಲೈಫ್ ಜಾಕೆಟಿನ ಹತ್ತಿರ ಬಂದಾಗ ಮಾತ್ರ ಸಡಿಲವಾಗುತ್ತವೆ. ಫಿಶ್ ಫೈಂಡರಿಗೆ ಲಕ್ಷದ ಲೆಕ್ಕದಲ್ಲಿ ಕೊಡುವಾಗ ಅಳುಕದ ಮಾಲಕರು ಜಾಕೆಟಿಗೆ ನೂರು ರೂಪಾಯಿ ಬಿಡಿಸಲು ಅರ್ಧ ಗಂಟೆ ವಾದಿಸುತ್ತಾರೆ. ಅಂಗಡಿಯೊಂದರಲ್ಲಿ ಒಬ್ಬರು ಹೇಳಿದ್ದನ್ನು ನಾನೇ ಕೇಳಿದ್ದೇನೆ: "ಅಣ್ಣ, ಅದೇನು ಮೀನು ಹಿಡಿಯುತ್ತದಾ? ತಪಾಸಣೆಗೆ ತೋರಿಸಲಿಕ್ಕೆ ನಾಲ್ಕು ಹಳತು ಕೊಡಿ, ಸಾಕು." ಅಂಗಡಿಯವನು ನಕ್ಕು, ಅಟ್ಟದಿಂದ ಬಣ್ಣ ಹೋದ ನಾಲ್ಕನ್ನು ಇಳಿಸಿಕೊಟ್ಟ. ಧೂಳು ಕೊಡವಿದ್ದೂ ಇಲ್ಲ.

ಜಾಕೆಟಿನ ಒಳಗಿರುವುದು ಫೋಮು. ಕ್ಯಾಬಿನ್ನಿನಲ್ಲಿ ಅದನ್ನು ದಿಂಬು ಮಾಡಿ ಮಲಗಿ, ಮಣೆ ಮಾಡಿ ಕೂತು ಒತ್ತಿದಂತೆಲ್ಲ ಅದರ ತೇಲುವ ಶಕ್ತಿ ಕುಂದುತ್ತದೆ. ಮೇಲಿನ ಬಟ್ಟೆ ಬಿಸಿಲಿಗೆ ಜೀರ್ಣವಾಗಿ ಹೊಲಿಗೆ ಬಿಡುತ್ತದೆ. ಹಳತಾದರೂ ನಡೆದೀತು ಎನ್ನಲು ಅದು ಕಪ್ಪಿಯಲ್ಲ, ಲಂಗರಲ್ಲ. ಟ್ರಾಲ್ ಬೋಟಿನಲ್ಲಿ ಏಳೆಂಟು ಮಂದಿ, ಪರ್ಸಿನ್ ಬೋಟಿನಲ್ಲಿ ಇಪ್ಪತ್ತೈದು ಮೂವತ್ತು. ಈಗ ಅವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದವರೂ ಇದ್ದಾರೆ. ಕಡಲನ್ನು ಮೊದಲು ನೋಡಿದ್ದೇ ಇಲ್ಲಿಗೆ ಬಂದ ಮೇಲೆ ಎನ್ನುವ ಹುಡುಗರು ಅವರ ನಡುವೆ ಸಿಗುತ್ತಾರೆ. 2020ರ ನವೆಂಬರ್ ಕೊನೆಯಲ್ಲಿ ಮಂಗಳೂರಿನ ಕಡಲಲ್ಲೇ ಪರ್ಸಿನ್ ಬೋಟೊಂದು ಮಗುಚಿ ಆರು ಮಂದಿ ಸತ್ತರು. ಅದಕ್ಕಿಂತ ಮುಂಚೆ, 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಂದಿಗೆ ಕಣ್ಮರೆಯಾಗಿ, ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಏಳು ಮನೆಗಳವರು ಏನೂ ಗೊತ್ತಿಲ್ಲದೆ ಕಾದರು.

ಮೊಬೈಲ್ ಸಿಗ್ನಲ್ ಸಿಗದಷ್ಟು ದೂರದಿಂದಲೂ ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರ್ ಇಂದು ಇದೆ. ಇಸ್ರೋ ತಂತ್ರಜ್ಞಾನದ ಈ ಯಂತ್ರವನ್ನು ದೇಶದ ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆ 2024ರ ಆಗಸ್ಟಿನಲ್ಲಿ ಶುರುವಾಯಿತು, ಮಾಲಕರಿಂದ ದುಡ್ಡು ಕೇಳದೆ. ಇಡೀ ಬಂದರು ಸುತ್ತಿದರೂ ಇದಕ್ಕಿಂತ ಒಳ್ಳೆಯ ವ್ಯಾಪಾರ ಕುದುರುವುದಿಲ್ಲ. ಆದರೂ 'ನಾವು ಎಲ್ಲಿ ಮೀನು ಹಿಡಿಯುತ್ತೇವೆಂದು ಎಲ್ಲರಿಗೂ ಗೊತ್ತಾಗುವುದಿಲ್ಲವೇ' ಎಂಬ ಅನುಮಾನ ಕೆಲವರದು. ಮೀನಿನ ಜಾಗದ ಗುಟ್ಟು ದೊಡ್ಡದೇ ಇರಬಹುದು. ಮನೆಯಲ್ಲಿ ಕಾಯುವವರಿಗೆ ಅದು ದೊಡ್ಡದಲ್ಲ.

ಒಂದು ಒಳ್ಳೆಯ ಜಾಕೆಟಿಗೆ ಒಂದು ಬುಟ್ಟಿ ಬಂಗುಡೆಯ ಕ್ರಯವೂ ಬೀಳುವುದಿಲ್ಲ. ಹಗ್ಗಕ್ಕೆ ಚೌಕಾಸಿ ಮಾಡಿ, ಎಂಜಿನ್ನಿಗೆ ಮಾಡಿ, ಹಳೆಯ ವಿಂಚನ್ನು ಅರ್ಧ ಕ್ರಯಕ್ಕೆ ಎಬ್ಬಿಸಿಕೊಂಡು ಬನ್ನಿ, ಯಾರೂ ಬೇಡವೆನ್ನುವುದಿಲ್ಲ. ಜಾಕೆಟನ್ನು ಮಾತ್ರ ಹೊಸತೇ ಕೊಳ್ಳಿ, ತಲೆಗೊಂದರಂತೆ ಎಣಿಸಿ ಕೊಳ್ಳಿ. ಆಗಸ್ಟ್ 1ರ ಮುಂಚೆ ಒಂದು ದಿನ ದಕ್ಕೆಯಲ್ಲೇ ಕಲಾಸಿಗಳೆಲ್ಲ ಅದನ್ನು ತೊಟ್ಟು ಬಕಲು ಬಿಗಿದು ನೋಡಲಿ. ಬೋಟು ನಡೆಸುವ ತಾಂಡೇಲನ ಕಣ್ಣೆದುರು, ವೀಲಿನ ಪಕ್ಕದ ಹಲಗೆಯ ಮೇಲೆ ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554 ಎಂದು ದೊಡ್ಡದಾಗಿ ಬರೆಸಿಡಿ. ಬೋಟಿಗೆ ಬಳಿದು ಉಳಿದ ಬಣ್ಣವೇ ಸಾಕು.